ಪೇಟಿಗೆ ಪಂಕ್ತಿಭೇದ: ಬೆಳಗಾವಿಯ ಸಾಥಿದಾರರು ಮತ್ತು ಪ್ರಸಾರಯುಗದ ಮನ್ನಣೆ

1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೊ ತನ್ನ ಎಲ್ಲ ಕೇಂದ್ರಗಳ ಸಂಗೀತ ಪ್ರಸಾರದಿಂದ ಹಾರ್ಮೋನಿಯಂ ವಾದ್ಯವನ್ನು ಹೊರಗಿಟ್ಟಿತು. ಈ ನಿಷೇಧ ಭಾಗಶಃ ಸಡಿಲಗೊಳ್ಳುವುದಕ್ಕೆ 1971ರವರೆಗೆ, ಅಂದರೆ ಮೂರು ದಶಕಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಟಿವಿಯಲ್ಲಿ ಬಿತ್ತರಗೊಳ್ಳುವ ಸಂಗೀತ ಪ್ರಶಸ್ತಿ ಸಮಾರಂಭಗಳ ಸುತ್ತ ಈಗ ಪ್ರತಿವರ್ಷವೂ ಏಳುವ ತಕರಾರುಗಳು, ಅಂದರೆ ತೀರ್ಪುಗಾರರು ಯಾರು, ಅವರನ್ನು ನೇಮಿಸಿದವರು ಯಾರು, ಯಾವ ಪ್ರದೇಶದ ಯಾವ ಬಗೆಯ ಸಂಗೀತಕ್ಕೆ ಪಟ್ಟಿಯಲ್ಲಿ ಜಾಗವೇ ಇಲ್ಲ ಎಂಬ ಪ್ರಶ್ನೆಗಳು, ಹೊಸ ಕಾಲದ ಹೊಸ ರೋಗವೆಂದು ತೋರುವುದು ಸಹಜ. ಆದರೆ ಹಾರ್ಮೋನಿಯಂ ವಾದಕರ ದೊಡ್ಡ ಪರಂಪರೆಯೊಂದನ್ನು ಸಾಕಿಕೊಂಡು ಬಂದ ಬೆಳಗಾವಿಯ ಕಡೆಯಿಂದ ನೋಡಿದಾಗ, ಈ ಎಲ್ಲ ಪ್ರಶ್ನೆಗಳೂ ಟಿವಿ ಬರುವ ಎಷ್ಟೋ ಮೊದಲೇ ರೇಡಿಯೊ ಸ್ಟುಡಿಯೊದ ಬಾಗಿಲಲ್ಲಿ ಎದ್ದಿದ್ದವು ಎಂಬುದು ಕಾಣುತ್ತದೆ. ಪ್ರಸಾರಯುಗದ ಅನ್ಯಾಯ ಸ್ಪರ್ಧೆಯ ಫಲಿತಾಂಶದಲ್ಲಿ ನಡೆಯುವುದಕ್ಕಿಂತ ಹೆಚ್ಚಾಗಿ ಸ್ಪರ್ಧೆಗೆ ಮುಂಚೆ, ಯಾರು ಪಂಕ್ತಿಯಲ್ಲಿ ಕೂರಬಹುದು ಎಂದು ಬರೆದಿಡುವ ನಿಯಮದಲ್ಲಿಯೇ ನಡೆದುಹೋಗುತ್ತದೆ ಎಂಬುದಕ್ಕೆ ಈ ಊರಿನ ಪೇಟಿ ಮಾಸ್ತರರ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಬೆಳಗಾವಿಯ ಸೀಮೆಯಲ್ಲಿ ಪೇಟಿ ಎಂದೇ ಕರೆಯಲಾಗುವ ಹಾರ್ಮೋನಿಯಂ ಮೂಲತಃ ಯುರೋಪಿನ ವಾದ್ಯ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೈನ್ ಎಂಬುವನು ಈ ಹೆಸರಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯವನ್ನು ಇಲ್ಲಿಗೆ ತಂದವರು ಕ್ರೈಸ್ತ ಮಿಶನರಿಗಳು. ಕಾಲಿನಿಂದ ತಿದಿಯೊತ್ತಿ ಕುರ್ಚಿಯ ಮೇಲೆ ಕುಳಿತು ನುಡಿಸಬೇಕಿದ್ದ ಅದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾರ್ಪಡಿಸಿದ ಮೇಲೆ, ಅದು ಭಾರತೀಯರ ಮನೆ, ಮಠ, ರಂಗಸ್ಥಳಗಳಿಗೆ ಪ್ರವೇಶಿಸಿತು. ಬೆಳಗಾವಿಯಲ್ಲಿ ಅದಕ್ಕೆ ನೆಲೆ ಒದಗಿಸಿದ್ದು ಮುಖ್ಯವಾಗಿ ನಾಟಕ ಕಂಪನಿಗಳು. ಮರಾಠಿ ಸಂಗೀತ ನಾಟಕದ ಪ್ರವರ್ತಕರೆಂದು ಹೆಸರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು 1843ರಲ್ಲಿ, ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಅವರು ಪುಣೆಯಲ್ಲಿ ಆಡಿದ 'ಸಂಗೀತ ಶಾಕುಂತಲ' ಪದ್ಯಕ್ಕೂ ಗದ್ಯಕ್ಕೂ ನಟನೇ ಬಾಯಾಗುವ ಹೊಸ ಪದ್ಧತಿಯನ್ನು ಹುಟ್ಟುಹಾಕಿತು. ಹೀಗೆ ರಾತ್ರಿಯಿಡೀ ಹಾಡಬೇಕಾದ ನಟನಿಗೆ ಶ್ರುತಿಯನ್ನೂ ಆಸರೆಯನ್ನೂ ಒಟ್ಟಿಗೆ ಕೊಡುವ, ಧ್ವನಿವರ್ಧಕವಿಲ್ಲದ ತಗಡಿನ ಥಿಯೇಟರಿನ ಹಿಂದಿನ ಸಾಲಿಗೂ ಕೇಳಿಸುವ, ಮಳೆಗಾಲದಲ್ಲಿ ತಂತಿ ಸಡಿಲಾಗುವ ತೊಂದರೆಯಿಲ್ಲದ ವಾದ್ಯವೊಂದು ಬೇಕಿತ್ತು; ಪೇಟಿ ಆ ಜಾಗವನ್ನು ತುಂಬಿತು. ಕನ್ನಡ ಕಂಪನಿಗಳು ಇದನ್ನೇ ಅನುಸರಿಸಿದವು. ಕೊಣ್ಣೂರ ಕಂಪನಿಯ ಕಾಲದಿಂದ ಹಿಡಿದು ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘದವರೆಗೆ ಲೆಗ್ ಹಾರ್ಮೋನಿಯಂ ಎಂದು ಕರೆಯಲಾಗುವ ಕಾಲುಪೇಟಿ ರಂಗದ ಮುಂದಿನ ಬದಿಯಲ್ಲಿಯೇ ಇರುತ್ತಿತ್ತು, ಮತ್ತು ಅದರ ಹಿಂದೆ ಕುಳಿತ ಮಾಸ್ತರ ಕಂಪನಿಯ ಮಾಲೀಕನ ನಂತರ ಎಲ್ಲರೂ ಅಂಜುತ್ತಿದ್ದ ವ್ಯಕ್ತಿಯಾಗಿದ್ದ.

ಈ ಬೆಳವಣಿಗೆಗೆ ಭೂಗೋಳವೂ ರೈಲೂ ಒತ್ತಾಸೆಯಾದವು. ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಖಾನಾಪುರ ತಾಲೂಕಿನ ಲೋಂಡಾದಲ್ಲಿ ಕೂಡಿಕೊಂಡದ್ದರಿಂದ ಪುಣೆ, ಹುಬ್ಬಳ್ಳಿ ಮತ್ತು ಗೋವೆಯ ದಿಕ್ಕುಗಳು ಬೆಳಗಾವಿಗೆ ಒಂದೇ ಹಾದಿಯಲ್ಲಿ ಸಿಕ್ಕವು. ಕಂಪನಿಗಳ ಪರದೆ, ಪೆಟ್ಟಿಗೆ, ಪೇಟಿಗಳೂ ಗೋವೆಯ ಕಲಾವಂತರೂ ಮಿರಜ ಸಾಂಗಲಿಗಳ ಗವಾಯಿಗಳೂ ಇದೇ ಹಳಿಯ ಮೇಲೆ ಓಡಾಡಿದರು. ಊರಿಗೆ ಅಂಟಿಕೊಂಡೇ ಇದ್ದ ಶಹಾಪುರ ಸ್ವಾತಂತ್ರ್ಯ ಬರುವವರೆಗೂ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಅದರ ಪಕ್ಕದ ವಡಗಾವಿ ಮತ್ತು ಖಾಸಬಾಗಗಳ ನೇಕಾರರ ಓಣಿಗಳಲ್ಲಿ ಮಗ್ಗದ ಸದ್ದು ನಿಂತ ಮೇಲೆ ಸಂಜೆ ಕೂಡುವ ಭಜನಾ ಮಂಡಳಿಗೆ, ಖಾನಾಪುರದ ಕಾಡಂಚಿನ ಹಳ್ಳಿಗಳ ವಾರಕರಿ ಭಜನೆಗೆ, ಮಠದ ಪುರಾಣಕ್ಕೆ, ಕೀರ್ತನೆಗೆ ಪೇಟಿಯೇ ಆಧಾರವಾಯಿತು. ವಾದ್ಯವೊಂದು ಒಂದೇ ಊರಿನಲ್ಲಿ ನಾಟಕದವರದೂ ಭಜನೆಯವರದೂ ಮೈಫಿಲಿನವರದೂ ಆಗುವುದು ಅಪರೂಪ. ವೀಣೆಗಾಗಲಿ ಸಾರಂಗಿಗಾಗಲಿ ಈ ಭಾಗ್ಯ ಇರಲಿಲ್ಲ, ಏಕೆಂದರೆ ಅವುಗಳಿಗೆ ಜಾತಿಯ ಅಥವಾ ಘರಾಣೆಯ ಬೇಲಿ ಇತ್ತು. ಸಾರಂಗಿಯಂತೂ ಬಹುಕಾಲ ನರ್ತಕಿಯರ ಕೋಠಿಯ ವಾದ್ಯವೆಂಬ ಹಣೆಪಟ್ಟಿ ಹೊತ್ತಿತ್ತು. ಪೇಟಿ ವಿದೇಶಿಯಾದ್ದರಿಂದಲೇ ಯಾರ ಜಾತಿಗೂ ಸೇರಿರಲಿಲ್ಲ.

ವಾದ್ಯದ ಒಳಗೇನಿದೆ ಎಂಬುದನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕಾಗುತ್ತದೆ, ಏಕೆಂದರೆ ನಿಷೇಧದ ವಾದ ನಿಂತದ್ದೇ ಅದರ ಮೇಲೆ. ಕೀಲಿಮಣೆಯ ಮನೆಯೊಂದನ್ನು ಒತ್ತಿದಾಗ ತಿದಿಯ ಗಾಳಿ ಹಿತ್ತಾಳೆಯ ಪುಟ್ಟ ನಾಲಗೆಯೊಂದನ್ನು ನಡುಗಿಸುತ್ತದೆ. ಈ ನಾಲಗೆಯೇ ರೀಡು. ಗುಜರಾತಿನ ಪಾಲಿತಾಣಾ ಇಂಥ ರೀಡುಗಳ ತಯಾರಿಕೆಗೆ ಹೆಸರಾದ ಊರು. ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ, ಒಮ್ಮೆ ಕೆರೆದ ಹಿತ್ತಾಳೆ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಶ್ರುತಿ ಹೊಂದಿಸುವವನ ಕೈ ಬಹಳ ಎಚ್ಚರದಿಂದಿರಬೇಕು. ಹೀಗೆ ಹೊಂದಿಸಿದ ಸ್ವರ ಸ್ಥಿರ. ಒಂದು ಸ್ವರದಿಂದ ಇನ್ನೊಂದಕ್ಕೆ ಎಲ್ಲಿಯೂ ಕಡಿಯದೆ ಜಾರುವ ಮೀಂಡನ್ನು ಅದರಲ್ಲಿ ನುಡಿಸಲು ಬರುವುದಿಲ್ಲ. ಎರಡನೆಯ ಆಕ್ಷೇಪ ಸ್ವರಗಳ ಅಳತೆಯದು. ಯುರೋಪಿನ ಕೀಲಿಮಣೆ ವಾದ್ಯಗಳಲ್ಲಿ ಒಂದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುವ ರೂಢಿಯಿದ್ದು, ಪ್ರತಿ ಪಾಲಿಗೆ 100 ಸೆಂಟ್ ಎಂಬ ಮಾನವನ್ನು ಇಟ್ಟುಕೊಂಡರೆ ಶುದ್ಧ ಗಾಂಧಾರ ಷಡ್ಜದಿಂದ 400 ಸೆಂಟ್ ದೂರದಲ್ಲಿ ಬೀಳುತ್ತದೆ. ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವಾದರೋ ಸುಮಾರು 386 ಸೆಂಟಿನದು. ಈ 14 ಸೆಂಟಿನ ಅಂತರ ಸಾಮಾನ್ಯ ಕಿವಿಗೆ ನಗಣ್ಯವೆನಿಸಿದರೂ ತಂಬೂರಿಯ ಪಕ್ಕದಲ್ಲಿ ಕುಳಿತ ಗವಾಯಿಯ ಕಿವಿಗೆ ಮುಳ್ಳಿನಂತೆ ಚುಚ್ಚುತ್ತದೆ. ಆದ್ದರಿಂದಲೇ ಒಳ್ಳೆಯ ಪೇಟಿ ಮಾಸ್ತರರು ಅಂಗಡಿಯಿಂದ ತಂದ ವಾದ್ಯವನ್ನು ಇದ್ದಂತೆ ನುಡಿಸದೆ, ನಿಶ್ಚಿತ ಷಡ್ಜವೊಂದಕ್ಕೆ ತಕ್ಕಂತೆ ಗಾಂಧಾರ, ಧೈವತ, ನಿಷಾದಗಳನ್ನು ಕೆರೆಸಿ ಇಳಿಸಿಕೊಳ್ಳುತ್ತಿದ್ದರು.

ಈ ದೋಷವನ್ನು ಯಂತ್ರದಿಂದಲೇ ಸರಿಪಡಿಸುವ ಪ್ರಯತ್ನವೂ ಬೆಳಗಾವಿಯ ನೆರೆಯಲ್ಲಿಯೇ ನಡೆಯಿತು. ಸಾಂಗಲಿಯ ಕೃ. ಬ. ದೇವಲ್ ಅವರು 1910ರಲ್ಲಿ ಇಪ್ಪತ್ತೆರಡು ಶ್ರುತಿಗಳ ಕುರಿತು ಪುಸ್ತಕ ಪ್ರಕಟಿಸಿ, ಬಾಂಬೆ ಪ್ರೆಸಿಡೆನ್ಸಿಯ ನ್ಯಾಯಾಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಜೊತೆಗೂಡಿ ಆ ಶ್ರುತಿಗಳೆಲ್ಲ ನುಡಿಯುವ ಶ್ರುತಿ ಹಾರ್ಮೋನಿಯಂ ಒಂದನ್ನು ಮಾಡಿಸಿದರು, ಮತ್ತು 1916ರಲ್ಲಿ ಬರೋಡಾದಲ್ಲಿ ನಡೆದ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನದಲ್ಲಿ ಅದರ ಪ್ರಾತ್ಯಕ್ಷಿಕೆಯೂ ಆಯಿತು. ವಿದ್ವಾಂಸರಲ್ಲಿ ಅದು ಒಮ್ಮತ ಮೂಡಿಸಲಿಲ್ಲ. ಗವಾಯಿಗಳು ತಮ್ಮ ಹಳೆಯ ಪೇಟಿಗೇ ಮರಳಿದರು; ಬಳಕೆದಾರರನ್ನು ಕೇಳದೆ ಪಂಡಿತರು ತಯಾರಿಸಿದ ಉಪಕರಣಗಳಿಗೆ ಬಹುಶಃ ಎಲ್ಲ ಕಾಲದಲ್ಲಿಯೂ ಇದೇ ಗತಿ.

ಹಾರ್ಮೋನಿಯಂ ವಿರುದ್ಧದ ಮಾತು ರೇಡಿಯೊ ಬರುವ ಮೊದಲೇ ರಾಷ್ಟ್ರೀಯತೆಯ ಭಾಷೆಯಲ್ಲಿ ಬೆಳೆದಿತ್ತು. ಕಲಾಚಿಂತಕ ಆನಂದ ಕುಮಾರಸ್ವಾಮಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಅದನ್ನು ಭಾರತೀಯ ಸಂಗೀತದ ಕೆಡುಕೆಂದು ಖಂಡಿಸಿದ್ದರು. 1936ರಲ್ಲಿ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಪಡೆದ ಸರ್ಕಾರಿ ಪ್ರಸಾರ ಸಂಸ್ಥೆಯ ಮುಖ್ಯಸ್ಥ ಲಯೊನೆಲ್ ಫೀಲ್ಡನ್ ಇಂಗ್ಲಿಷರಾಗಿದ್ದರೆ, ದೆಹಲಿ ಕೇಂದ್ರದ ಪಾಶ್ಚಾತ್ಯ ಸಂಗೀತ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಸಂಯೋಜಕ ಜಾನ್ ಫೋಲ್ಡ್ಸ್ ಕೂಡ ಇಂಗ್ಲಿಷರೇ. ಫೋಲ್ಡ್ಸ್ ಈ ವಾದ್ಯದ ವಿರುದ್ಧ ಕಟುವಾಗಿ ಬರೆದರು. 1940ರ ಜನವರಿಯಲ್ಲಿ ರವೀಂದ್ರನಾಥ ಠಾಕೂರರು ಕಲ್ಕತ್ತ ಕೇಂದ್ರಕ್ಕೆ ಪತ್ರ ಬರೆದು ಹಾರ್ಮೋನಿಯಂ ಬಳಕೆಯನ್ನು ಕೈಬಿಡುವಂತೆ ಒತ್ತಾಯಿಸಿದರು, ಮಾರ್ಚ್‌ನಲ್ಲಿ ನಿಷೇಧ ಜಾರಿಗೆ ಬಂದಿತು. ಭಾರತೀಯ ಸಂಗೀತದ ಪಾವಿತ್ರ್ಯ ಕಾಪಾಡಲು ಇಂಗ್ಲಿಷ್ ಅಧಿಕಾರಿಗಳೂ ಬಂಗಾಳದ ಕವಿಯೂ ಒಂದಾದರು, ಆ ಸಂಗೀತವನ್ನು ನಿತ್ಯ ನುಡಿಸಿ ಹೊಟ್ಟೆ ಹೊರೆಯುತ್ತಿದ್ದವರನ್ನು ಮಾತ್ರ ಯಾರೂ ಕೇಳಲಿಲ್ಲ. ಬಂಗಾಳದ ಮನೆಗಳಲ್ಲಿ ಠಾಕೂರರ ಹಾಡುಗಳನ್ನೇ ಅಂದಿನಿಂದ ಇಂದಿನವರೆಗೂ ಪೇಟಿ ನುಡಿಸಿಕೊಂಡು ಹಾಡುತ್ತಾರೆಂಬುದು ಬೇರೆ ಮಾತು. ಅಮೃತಸರದ ಸ್ವರ್ಣಮಂದಿರದ ಕೀರ್ತನದಿಂದ ಹಾರ್ಮೋನಿಯಂ ಅನ್ನು ಮೂರು ವರ್ಷಗಳಲ್ಲಿ ಹಂತಹಂತವಾಗಿ ತೆಗೆದು ತಂತಿವಾದ್ಯಗಳನ್ನು ಮರಳಿ ತರಬೇಕೆಂದು ಸಿಖ್ಖರ ಧರ್ಮಪೀಠವಾದ ಅಕಾಲ್ ತಖ್ತ್ 2022ರಲ್ಲಿ ಸೂಚಿಸಿದಾಗಲೂ, ಅದು ಬ್ರಿಟಿಷರ ಕೊಡುಗೆ ಎಂಬ ಹಳೆಯ ವಾದವೇ ಮತ್ತೆ ಕೇಳಿಬಂದಿತು.

ನಿಷೇಧದ ಈ ಮೂರು ದಶಕಗಳೇ ಬೆಳಗಾವಿಯ ಪೇಟಿಯ ಪ್ರೌಢಕಾಲವೂ ಆಗಿದ್ದವು. ಹಾರ್ಮೋನಿಯಂ ಅನ್ನು ಸಾಥಿನ, ಅಂದರೆ ಪಕ್ಕವಾದ್ಯದ ಸ್ಥಾನದಿಂದ ಎತ್ತಿ ಸ್ವತಂತ್ರ ವಾದನಕ್ಕೆ ಒಯ್ದು ಗ್ರಾಮಫೋನು ತಟ್ಟೆಗೂ ಮುಟ್ಟಿಸಿದ ವಿಠ್ಠಲರಾವ್ ಕೋರಗಾಂವಕರ್ ನೆಲೆಸಿದ್ದು ಇದೇ ಊರಿನಲ್ಲಿ. ಅವರ ನಂತರದ ತಲೆಮಾರಿನ ರಾಮಭಾವು ಬಿಜಾಪುರೆಯವರು 1917ರಲ್ಲಿ ಜಿಲ್ಲೆಯ ಕಾಗವಾಡದಲ್ಲಿ ಹುಟ್ಟಿ, ಬೆಳಗಾವಿಗೆ ಬಂದು ರಾಜವಾಡೆ ಮತ್ತು ಗೋವಿಂದರಾವ್ ಗಾಯಕವಾಡ ಅವರಲ್ಲಿ ಪೇಟಿಯನ್ನೂ, ರಾಮಕೃಷ್ಣಬುವಾ ವಝೆ, ಕಾಗಲಕರಬುವಾ ಮುಂತಾದವರಲ್ಲಿ ಗಾಯನವನ್ನೂ ಕಲಿತು, 1938ರಲ್ಲಿ, ಅಂದರೆ ನಿಷೇಧಕ್ಕೆ ಎರಡು ವರ್ಷ ಮೊದಲು, ಊರಿನಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯವನ್ನು ತೆರೆದರು. ಪೇಟಿ ಕಲಿಯಲು ಬಂದವನಿಗೆ ಮೊದಲು ಹಾಡಲು ಬರಬೇಕೆಂಬ ಈ ಪರಂಪರೆಯ ನಂಬಿಕೆ ಫೋಲ್ಡ್ಸರ ಟೀಕೆಗೆ ಕೊಟ್ಟ ಮೌನ ಉತ್ತರದಂತಿದೆ, ಏಕೆಂದರೆ ಗವಾಯಿಯ ಬಂದಿಶು ಬಾಯಲ್ಲಿರುವ ಸಾಥಿದಾರ ಮಾತ್ರ ಅವನು ಮುಂದೆ ಎಲ್ಲಿಗೆ ಹೊರಳುತ್ತಾನೆಂಬುದನ್ನು ಊಹಿಸಿ, ಅವನ ಆಲಾಪದ ಬಾಲವನ್ನು ಒಂದು ಕೂದಲೆಳೆಯಷ್ಟು ತಡವಾಗಿ ಹಿಡಿದು, ಅವನು ಉಸಿರೆಳೆದುಕೊಳ್ಳುವಾಗ ಮೌನ ಬೀಳದಂತೆ ನೋಡಿಕೊಳ್ಳಬಲ್ಲ. ಮೀಂಡು ಬಾರದ ಕೊರತೆಯನ್ನು ಎಡಗೈಯ ತಿದಿಯೇ ಬಹುಪಾಲು ತುಂಬುತ್ತದೆ: ಗಾಳಿಯನ್ನು ಒಂದೇ ಸಮನೆ ತಳ್ಳದೆ, ಸ್ವರ ಬದಲಾಗುವ ಕ್ಷಣದಲ್ಲಿ ಸಡಿಲಿಸಿ ಮತ್ತೆ ಒತ್ತಿದರೆ, ಮೊದಲ ಮನೆಯನ್ನು ಪೂರ್ತಿ ಬಿಡುವ ಮುನ್ನವೇ ಎರಡನೆಯದನ್ನು ಮುಟ್ಟಿದರೆ, ಎರಡು ಸ್ವರಗಳ ನಡುವಿನ ಮೆಟ್ಟಿಲು ಕೇಳುವವನ ಕಿವಿಯಲ್ಲಿ ಇಳಿಜಾರಾಗುತ್ತದೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮತ್ತು ಬೆಳಗಾವಿಯ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರಂಥ ಗವಾಯಿಗಳಿಗೆ ಬಿಜಾಪುರೆಯವರು ಸಾಥ್ ಕೊಟ್ಟರು. 2010ರಲ್ಲಿ ತೀರಿಕೊಳ್ಳುವವರೆಗೂ ಅವರ ನೆಲೆ ಬೆಳಗಾವಿಯೇ ಆಗಿತ್ತು.

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಾಗ ಈ ವಿಪರ್ಯಾಸ ಮನೆಬಾಗಿಲಿಗೇ ಬಂದಿತು. ಮೈಫಿಲಿನಲ್ಲಿ ಪೇಟಿಯ ಜೊತೆ ಹಾಡಿದ ಗವಾಯಿಯೇ ಸ್ಟುಡಿಯೊದಲ್ಲಿ ಸಾರಂಗಿ ಅಥವಾ ಪಿಟೀಲಿನ ಜೊತೆ, ಇಲ್ಲವೇ ಬರೀ ತಂಬೂರಿಯ ಜೊತೆ ಹಾಡಬೇಕಿತ್ತು. ನಿಷೇಧದಿಂದ ಸಾರಂಗಿಯವರಿಗೆ ಸರ್ಕಾರಿ ಸಂಬಳದ ಆಸರೆ ಸಿಕ್ಕಿತೆಂಬುದೂ, ಅಳಿವಿನಂಚಿನಲ್ಲಿದ್ದ ಆ ವಾದ್ಯ ಉಳಿದುಕೊಳ್ಳಲು ಅದು ನೆರವಾಯಿತೆಂಬುದೂ ನಿಜ, ಮತ್ತು ಪೇಟಿಯ ಪಕ್ಷಪಾತಿಗಳು ಈ ಸತ್ಯವನ್ನು ಸಾಮಾನ್ಯವಾಗಿ ಮರೆಮಾಚುತ್ತಾರೆ. ಆದರೂ ನಿಷೇಧದ ಪೊಳ್ಳುತನ ಒಂದು ಸಣ್ಣ ಸಂಗತಿಯಲ್ಲಿ ಬಯಲಾಗುತ್ತದೆ: ಸ್ಟುಡಿಯೊಗೆ ಬಂದ ಗಾಯಕ ತನ್ನ ಷಡ್ಜ ಯಾವುದೆಂದು ತಂಬೂರಿಯವನಿಗೆ ಹೇಳುವಾಗ 'ಕರಿ ಒಂದು' ಎಂದೋ 'ಬಿಳಿ ನಾಲ್ಕು' ಎಂದೋ, ಅಂದರೆ ಒಳಗೆ ಬಿಡದ ಆ ಪೇಟಿಯ ಕಪ್ಪು ಬಿಳಿ ಮನೆಗಳ ಲೆಕ್ಕದಲ್ಲಿಯೇ ಹೇಳುತ್ತಿದ್ದ. ಇನ್ನೊಂದು ವಿಚಿತ್ರವೂ ಉಂಟು. ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿದ, ಈ ಊರಿನ ರಸಿಕರೊಬ್ಬರ ಕನ್ನಡ ಬೆರೆತ ಮರಾಠಿಯನ್ನು 'ರಾವಸಾಹೇಬ' ಎಂಬ ವ್ಯಕ್ತಿಚಿತ್ರದಲ್ಲಿ ಅಮರವಾಗಿಸಿದ ಪು. ಲ. ದೇಶಪಾಂಡೆ ಒಳ್ಳೆಯ ಪೇಟಿ ವಾದಕರು. ಅವರು 1955ರಲ್ಲಿ ಕೆಲಸಕ್ಕೆ ಸೇರಿದ್ದು ಪೇಟಿಯನ್ನು ಹೊರಗಿಟ್ಟ ಅದೇ ಆಕಾಶವಾಣಿಗೆ.

ರೇಡಿಯೊದ ಮಹತ್ವ ಅದು ಕೊಡುತ್ತಿದ್ದ ಸಂಭಾವನೆಯಲ್ಲಷ್ಟೇ ಇರಲಿಲ್ಲ. 1952ರಿಂದ 1962ರವರೆಗೆ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ. ವಿ. ಕೇಸಕರ್ ಜಾರಿಗೆ ತಂದ ಧ್ವನಿಪರೀಕ್ಷೆಯ, ಅಂದರೆ ಆಡಿಶನ್ನಿನ ವ್ಯವಸ್ಥೆ ಕಲಾವಿದರನ್ನು ಬಿ, ಬಿ-ಹೈ, ಎ ಮತ್ತು ಟಾಪ್ ಎಂಬ ದರ್ಜೆಗಳಲ್ಲಿ ನಿಲ್ಲಿಸಿತು. ರಾಜರ ಬಿರುದು, ಸಂಸ್ಥಾನದ ಶಾಲುಗಳು ಇಲ್ಲವಾದ ಕಾಲದಲ್ಲಿ ಈ ದರ್ಜೆಯೇ ಬಿರುದಾಗಿ, ಕಛೇರಿಯ ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಕೆಳಗೆ ಅಚ್ಚಾಗತೊಡಗಿತು. ನ್ಯಾಯದ ದೃಷ್ಟಿಯಿಂದ ಇದರ ವಿನ್ಯಾಸ ಸಾಮಾನ್ಯವೇನಲ್ಲ. ಹಾಡುವವರ ಮುಖ, ಹೆಸರು, ಘರಾಣೆ ಕಾಣದಂತೆ ಕೇವಲ ಧ್ವನಿಯನ್ನು ಕೇಳಿ ತೀರ್ಪು ಹೇಳಬೇಕೆಂಬ ತತ್ತ್ವವನ್ನು ಅದು ಒಪ್ಪಿತ್ತು. ಆದರೂ ಮುಂಬಯಿಯ ಕಲಾವಿದರು ಪ್ರತಿಭಟಿಸಿದರು. ಸಂಗೀತಶಾಸ್ತ್ರಜ್ಞ ಭಾತಖಂಡೆಯವರ ಶಿಷ್ಯ ಶ್ರೀಕೃಷ್ಣ ರತಂಜನಕರರ ನೇತೃತ್ವದ ಮಂಡಳಿ ರಾಗಲಕ್ಷಣದ ಪ್ರಶ್ನೆಗಳನ್ನು ಕೇಳಿದಾಗ, ಮೂವತ್ತು ನಲವತ್ತು ವರ್ಷ ಹಾಡಿದ, ಆದರೆ ಪುಸ್ತಕದ ಭಾಷೆ ಬಾರದ ಉಸ್ತಾದರಿಗೆ ಅದು ಅವಮಾನವಾಗಿ ಕಂಡಿತು. ಮುಖ ಕಾಣದಂತೆ ಪರದೆ ಹಾಕಿದರೂ ಪಂಡಿತರ ಪಾಠಕ್ರಮ ಪರದೆಯ ಈಚೆಗೇ ಉಳಿದಿತ್ತು. ಇದಕ್ಕಿಂತ ಕಠಿಣವಾದ ಬೇಲಿ ಕೇಸಕರರ ಮೊದಲೇ ಬಿದ್ದಿತ್ತು: 1946ರಲ್ಲಿ ವಾರ್ತಾ ಖಾತೆ ವಲ್ಲಭಭಾಯಿ ಪಟೇಲರ ಕೈಯಲ್ಲಿದ್ದಾಗ, ಖಾಸಗಿ ಬದುಕು ಸಾರ್ವಜನಿಕವಾಗಿ ಅಪಖ್ಯಾತವಾದ ಕಲಾವಿದರಿಗೆ ಅವಕಾಶ ಕೊಡಬಾರದೆಂಬ ಆದೇಶ ಹೊರಬಿದ್ದು, ಅದರ ಪೆಟ್ಟು ತವಾಯಫರು ಮತ್ತು ದೇವದಾಸಿ ಮನೆತನದ ಗಾಯಕಿಯರ ಮೇಲೆ ಬಿದ್ದಿತು. ಗೋವೆ, ಬೆಳಗಾವಿ, ಧಾರವಾಡಗಳ ಸೀಮೆಯ ಗಾಯನವನ್ನು ತಲೆಮಾರುಗಳ ಕಾಲ ಉಳಿಸಿಕೊಂಡು ಬಂದವರಲ್ಲಿ ಇಂಥ ಮನೆತನದ ಹೆಣ್ಣುಮಕ್ಕಳು ಎಷ್ಟು ದೊಡ್ಡ ಪಾಲು ಎಂಬುದನ್ನು ನೆನೆದಾಗ, ಈ ನಿಯಮ ಕೊಡುವ ಪಾವಿತ್ರ್ಯದ ವಿವರಣೆ ನುಂಗಲಾರದ ತುತ್ತಾಗುತ್ತದೆ.

ಸರ್ಕಾರ ಒಂದು ಕಡೆ ಹೀಗೆ ಜರಡಿ ಹಿಡಿದಾಗ ಇನ್ನೊಂದು ಕಡೆ ಕೇಳುಗರ ತೀರ್ಪು ಎಂಬ ಹೊಸ ಅಧಿಕಾರ ಹುಟ್ಟಿತು. ಕೇಸಕರ್ ಚಿತ್ರಗೀತೆಗಳ ಪ್ರಸಾರವನ್ನು ಕಡಿತಗೊಳಿಸಿದ್ದರಿಂದ ಕೇಳುಗರು ರೇಡಿಯೊ ಸಿಲೋನಿನತ್ತ ತಿರುಗಿದರು, ಅಲ್ಲಿ 1952ರ ಕೊನೆಯಲ್ಲಿ ಆರಂಭವಾದ ಬಿನಾಕಾ ಗೀತಮಾಲಾ ತಟ್ಟೆಗಳ ಮಾರಾಟವನ್ನೂ ಶ್ರೋತೃಸಂಘಗಳ ಅಭಿಪ್ರಾಯವನ್ನೂ ಲೆಕ್ಕಹಾಕಿ ಹಾಡುಗಳಿಗೆ ಪಾವಟಿಗೆ ಹಾಕಿತು. 1954ರಲ್ಲಿ ಫಿಲ್ಮ್‌ಫೇರ್ ಪ್ರಶಸ್ತಿಗಳು ಬಂದಾಗ ಸಂಗೀತ ನಿರ್ದೇಶಕರಿಗೆ ಒಂದು ಪ್ರಶಸ್ತಿ ಇತ್ತೇ ಹೊರತು ಹಾಡಿದವರಿಗೆ ಇರಲಿಲ್ಲ; 'ಚೋರಿ ಚೋರಿ' ಚಿತ್ರಕ್ಕೆ ಶಂಕರ್-ಜೈಕಿಶನ್ ಪ್ರಶಸ್ತಿ ಪಡೆದ 1957ರ ಸಮಾರಂಭದಲ್ಲಿ ಅದೇ ಚಿತ್ರದ ಹಾಡು ಹಾಡಲು ಕೇಳಿದಾಗ ಲತಾ ಮಂಗೇಶಕರ್ ಒಪ್ಪಲಿಲ್ಲ, ಮತ್ತು 1959ರಲ್ಲಿ ಹಿನ್ನೆಲೆ ಗಾಯನಕ್ಕೆ ಪ್ರಶಸ್ತಿ ಏರ್ಪಟ್ಟಿತು. ಗಂಡು ಹೆಣ್ಣು ದನಿಗಳಿಗೆ ಒಂದೇ ಇದ್ದ ಆ ಪ್ರಶಸ್ತಿ ಎರಡಾಗಲು ಇನ್ನೂ ಹೆಚ್ಚುಕಡಿಮೆ ಒಂದು ದಶಕ ಬೇಕಾಯಿತು. ಲತಾ ಅವರಂಥ ಬೆಲೆಯುಳ್ಳವರು ಇಲ್ಲ ಎಂದಾಗ ನಿಯಮ ಬದಲಾಗುತ್ತದೆ; ಹಿಂದಿನ ಸಾಲಿನಲ್ಲಿ ಪೇಟಿ ನುಡಿಸುವವನು ಇಲ್ಲ ಎಂದರೆ ಇನ್ನೊಬ್ಬ ಪೇಟಿಯವನು ಬರುತ್ತಾನೆ.

ಹಾರ್ಮೋನಿಯಂ ಪ್ರಶ್ನೆಯನ್ನು ಚರ್ಚಿಸಲು 1970ರಲ್ಲಿ ವಿಚಾರ ಸಂಕಿರಣವೊಂದು ನಡೆದು, 1971ರಲ್ಲಿ ನಿಷೇಧ ಸಡಿಲವಾಯಿತು. ಸಡಿಲವಾದ ಬಗೆಯೇ ಗಮನಾರ್ಹ: ಮೊದಲಿಗೆ ಮೇಲಿನ ದರ್ಜೆಯ ಗಾಯಕರಿಗೆ ಮಾತ್ರ ಪೇಟಿಯ ಸಾಥ್ ತೆಗೆದುಕೊಳ್ಳುವ ಅನುಮತಿ ಸಿಕ್ಕಿತು, ಸ್ವತಂತ್ರ ವಾದನಕ್ಕೆ ಅವಕಾಶವಿರಲಿಲ್ಲ. ಪೇಟಿ ಕೆಟ್ಟದ್ದಾದರೆ ಎಲ್ಲರಿಗೂ ಕೆಟ್ಟದ್ದು, ಒಳ್ಳೆಯದಾದರೆ ಎಲ್ಲರಿಗೂ ಒಳ್ಳೆಯದು. ಶ್ರುತಿಶುದ್ಧಿಯ ಹೆಸರಿನಲ್ಲಿ ನಿಂತ ನಿಯಮ ದೊಡ್ಡ ಗಾಯಕರಿಗೆ ವಿನಾಯಿತಿ ಕೊಟ್ಟ ದಿನವೇ, ಅದರ ಆಧಾರ ಶ್ರುತಿಗಿಂತ ಹೆಚ್ಚಾಗಿ ದರ್ಜೆಯಾಗಿತ್ತೆಂಬುದು ಸಾಬೀತಾಯಿತು.

ಪ್ರಾತಿನಿಧ್ಯದ ಪ್ರಶ್ನೆಗೆ ಈ ಸೀಮೆಯ ಹಳ್ಳಿಗಳಲ್ಲಿ ಬೇರೊಂದು ಉತ್ತರವೂ ಇತ್ತು. ಗೀಗೀ ಮೇಳಗಳ ಹರದೇಶಿ-ನಾಗೇಶಿ ವಾದದಲ್ಲಿ ಎರಡು ತಂಡಗಳ ನಡುವೆ ರಾತ್ರಿಯಿಡೀ ಹಾಡಿನಲ್ಲಿಯೇ ಸವಾಲು-ಜವಾಬು ನಡೆಯುತ್ತದೆ. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಸಾಧಿಸಬೇಕು, ಪುರಾಣದ ಒಗಟಿಗೆ ಉತ್ತರ ಹೊಳೆಯದ ಕಡೆಯವರು ಸೋತಂತೆ. ಒಂದು ಪಕ್ಷವಿಲ್ಲದೆ ಇನ್ನೊಂದು ಪಕ್ಷ ಹಾಡಲಾರದಾದ್ದರಿಂದ ಇಬ್ಬರಿಗೂ ಜಾಗ ಖಚಿತ. ತೀರ್ಪುಗಾರರು ಕಣ್ಣೆದುರು ಕುಳಿತ ಜನ, ಮೆಚ್ಚಿದವರು ನಡುವೆಯೇ ಎದ್ದು ಆಯೇರಿ, ಅಂದರೆ ಕಾಣಿಕೆ ಮಾಡುತ್ತಾರೆ, ಕೊಟ್ಟವರ ಹೆಸರನ್ನು ಮೇಳದವರು ಕೂಗಿ ಹೇಳುತ್ತಾರೆ. ಇದನ್ನು ಆದರ್ಶವೆಂದು ಹೊಗಳುವುದು ಅತಿಯಾದೀತು, ಏಕೆಂದರೆ ಊರ ಗೌಡನ ಆಯೇರಿ ಬಿದ್ದ ಕಡೆಗೇ ಊರಿನ ಕಿವಿಯೂ ವಾಲುವುದುಂಟು. ಆದರೆ ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದು ಇಲ್ಲಿ ಎಲ್ಲರಿಗೂ ಕೇಳುವಂತೆ ನಡೆಯುತ್ತದೆ.

ಪರಿಣತರ ತೀರ್ಪು, ಜನರ ತೀರ್ಪು ಎಂಬ ಈ ಎರಡೂ ಪದ್ಧತಿಗಳನ್ನು ಟಿವಿ ಕಲಸಿತು. 1995ರಲ್ಲಿ ಝೀ ಟಿವಿಯ 'ಸಾ ರೆ ಗ ಮ' ಆಕಾಶವಾಣಿಯ ಮಾದರಿಯಲ್ಲಿ ಹಿರಿಯ ಸಂಗೀತಗಾರರನ್ನೇ ತೀರ್ಪಿಗೆ ಕೂರಿಸಿದರೆ, 2004ರ 'ಇಂಡಿಯನ್ ಐಡಲ್' ಮೊಬೈಲ್ ಸಂದೇಶಗಳ ಮತದಾನವನ್ನು ತಂದಿತು. ಮತ ಬಂದೊಡನೆ ಪ್ರಾಂತವೂ ಬಂದಿತು: 2007ರಲ್ಲಿ ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್ ಮತ್ತು ಶಿಲ್ಲಾಂಗಿನ ಅಮಿತ್ ಪಾಲ್ ಕೊನೆಯ ಸುತ್ತಿಗೆ ಬಂದಾಗ ಗುಡ್ಡಗಾಡಿನ ಜನ ಚಂದಾ ಎತ್ತಿ ಮತ ಹಾಕಿದರು, ಮತ್ತು ತಮಾಂಗ್ ಪರವಾದ ಆ ಸಂಘಟನೆ ಅದೇ ವರ್ಷ ಗೂರ್ಖಾಲ್ಯಾಂಡ್ ಚಳವಳಿಯ ಹೊಸ ಅಲೆಗೆ ನೆಲ ಹದಮಾಡಿತು. ಕನ್ನಡದಲ್ಲಿ ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಲಮಾಣಿ ಝೀ ಕನ್ನಡದ 'ಸರಿಗಮಪ' ವೇದಿಕೆಯಲ್ಲಿ ಎರಡನೆಯ ಸ್ಥಾನದವರೆಗೆ ಬಂದಾಗ, ಅದನ್ನು ಉತ್ತರ ಕರ್ನಾಟಕದ ಗೆಲುವೆಂದು ಸಂಭ್ರಮಿಸಿದವರೂ ಶಾಸ್ತ್ರೀಯ ತರಬೇತಿಯ ಅಳತೆಯಲ್ಲಿ ಅನುಮಾನಿಸಿದವರೂ ಇದ್ದರು. ಅಮೆರಿಕದ ಗ್ರ್ಯಾಮಿಯ ಕಥೆಯೂ ಭಿನ್ನವಲ್ಲ: 1989ರಲ್ಲಿ ರ್‍ಯಾಪ್ ಸಂಗೀತಕ್ಕೆ ಮೊದಲ ಬಾರಿ ಪ್ರಶಸ್ತಿ ಕೊಟ್ಟರೂ ಅದನ್ನು ಟಿವಿಯಲ್ಲಿ ತೋರಿಸದಿದ್ದುದರಿಂದ ಗೆದ್ದ ಜೋಡಿಯೇ ಸಮಾರಂಭವನ್ನು ಬಹಿಷ್ಕರಿಸಿತು, 2011ರಲ್ಲಿ ವಿಭಾಗಗಳನ್ನು 109ರಿಂದ 78ಕ್ಕೆ ಇಳಿಸಿದಾಗ ಲ್ಯಾಟಿನ್ ಜಾಝ್ ಕಲಾವಿದರು ಬೀದಿಗಿಳಿದು ತಮ್ಮ ವಿಭಾಗವನ್ನು ಮರಳಿ ಪಡೆದರು. ಉಳಿದ ಜಗತ್ತಿನ ಸಂಗೀತವನ್ನೆಲ್ಲ ತುಂಬುವ 'ವರ್ಲ್ಡ್ ಮ್ಯೂಸಿಕ್' ಎಂಬ ಡಬ್ಬಿಗೆ 2020ರಲ್ಲಿ 'ಗ್ಲೋಬಲ್ ಮ್ಯೂಸಿಕ್' ಎಂದು ಹೊಸ ಚೀಟಿ ಅಂಟಿಸಲಾಯಿತು, ಡಬ್ಬಿ ಅದೇ ಉಳಿಯಿತು.

ಬೆಳಗಾವಿಯ ವಾದಕರಿಗೆ ಇನ್ನೊಂದು ತೊಡಕು ಗಡಿಯದು. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದ, ನಂತರ ಮೈಸೂರು ರಾಜ್ಯಕ್ಕೆ ಸೇರಿದ ಈ ಊರಿನ ಕಲಾವಿದರ ರಸಿಕರು ಪುಣೆ, ಮುಂಬಯಿ, ಕೊಲ್ಹಾಪುರಗಳಲ್ಲಿದ್ದರು, ರಾಜ್ಯದ ಮನ್ನಣೆ ಕೊಡುವ ಕಚೇರಿಗಳು ಬೆಂಗಳೂರಿನಲ್ಲಿದ್ದವು. ಕುಮಾರ ಗಂಧರ್ವರು ದೇವಾಸಕ್ಕೂ, ಗದಗಿನ ಭೀಮಸೇನ ಜೋಶಿ ಪುಣೆಗೂ ಹೋಗಿ ನೆಲೆಸಿದ್ದರಿಂದ ಅವರ ಮಟ್ಟಿಗೆ ಪ್ರಶ್ನೆ ಬಗೆಹರಿಯಿತು, ಊರಲ್ಲೇ ಉಳಿದವರಿಗೆ ಬಗೆಹರಿಯಲಿಲ್ಲ. ಕರ್ನಾಟಕದ ರಾಜ್ಯೋತ್ಸವ ಪ್ರಶಸ್ತಿಗಳ ಸಂಖ್ಯೆಯನ್ನು ಏಕೀಕರಣದ ವರ್ಷಗಳ ಎಣಿಕೆಗೆ ಕಟ್ಟಿಹಾಕಿದ ಮೇಲೆ, 2023ರಲ್ಲಿ 68 ಮಂದಿಗೆ ಪ್ರಶಸ್ತಿ ಸಂದಿತು. ಅಷ್ಟರೊಳಗೇ ಜಿಲ್ಲೆ, ಕ್ಷೇತ್ರ, ಸಮುದಾಯಗಳನ್ನೆಲ್ಲ ತೂಗಬೇಕಾದ ಸಮಿತಿಗೆ ಗಾಯಕನ ಪಕ್ಕದ ಪೇಟಿಯವನು ನೆನಪಾಗುವುದು ಗಾಯಕರ ಸಾಲು ಮುಗಿದ ಮೇಲೆಯೇ.

ದೇಶದ ಮಟ್ಟದಲ್ಲಿ ಪೇಟಿಗೆ ಮನ್ನಣೆ ತಡವಾಗಿಯಾದರೂ ಬಂದಿತು. ಅಪ್ಪಾ ಜಳಗಾಂವಕರ್ ಅವರಿಗೆ 2000ದ ಸಾಲಿನಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ, ಮೆಹಮೂದ್ ಧೌಲಪುರಿಯವರಿಗೆ 2006ರಲ್ಲಿ ಪದ್ಮಶ್ರೀಯೂ, ತುಳಸಿದಾಸ್ ಬೋರಕರರಿಗೆ 2016ರಲ್ಲಿ ಪದ್ಮಶ್ರೀಯೂ ದೊರೆತವು. ಬಿಜಾಪುರೆಯವರ ಶಿಷ್ಯರಾದ ಸುಧಾಂಶು ಕುಲಕರ್ಣಿ ಬೆಳಗಾವಿಯಲ್ಲಿಯೂ ರವೀಂದ್ರ ಕಾಟೋಟಿ ಬೆಂಗಳೂರಿನಲ್ಲಿಯೂ ಸ್ವತಂತ್ರ ವಾದನವನ್ನು ಮುಂದುವರಿಸಿದ್ದು, 2018ರ ಜನವರಿಯಲ್ಲಿ ಬೆಂಗಳೂರಿನಲ್ಲಿ ವಿಶ್ವ ಹಾರ್ಮೋನಿಯಂ ಸಮ್ಮೇಳನವೇ ನಡೆಯಿತು. ಟಿವಿಯ ವೇದಿಕೆಗಳ ಸ್ಥಿತಿ ಮಾತ್ರ ಬೇರೆ. ಅಲ್ಲಿ ವಾದ್ಯವೃಂದಕ್ಕೆ ಬದಿಯಲ್ಲೊಂದು ಕಟ್ಟೆ ಮೀಸಲಿದೆ, ಹಾಡುವವರು ಕಾರ್ಯಕ್ರಮದ ಕೊನೆಗೆ ಅತ್ತ ತಿರುಗಿ ಕೈಮುಗಿಯುತ್ತಾರೆ. ಆ ಕಟ್ಟೆಯ ಮೇಲೆ ಕುಳಿತವರಿಗೆ ಮತ ಹಾಕುವ ಸಂಖ್ಯೆಯಾಗಲಿ, ಅವರು ನಿಲ್ಲಬಹುದಾದ ವಿಭಾಗವಾಗಲಿ ಇನ್ನೂ ಏರ್ಪಟ್ಟಿಲ್ಲ.